ಬೀಳಗಿಯ ಕಂಠ, ಮುಂಬಯಿಯ ತಟ್ಟೆ

ಹಿಪ್ಪರಗಿಯಿಂದ ಕೃಷ್ಣೆಯ ಗುಂಟ ಹರಿವಿನ ಕಡೆಗೆ ಹೊರಟರೆ ಜಮಖಂಡಿ ಸೀಮೆ ದಾಟಿ ಬೀಳಗಿಯ ನೆಲ ಬರುತ್ತದೆ. ಶ್ರೀಕೃಷ್ಣ ಪಾರಿಜಾತ, ಸಣ್ಣಾಟಗಳನ್ನು ರಾತ್ರಿಯಿಡೀ ನೋಡಿ ತಣಿಯದ ಊರುಗಳಿವು. ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ಈ ಬೀಳಗಿಯಲ್ಲಿ. ನಿಮ್ಮ ಮನೆಯ ರೇಡಿಯೋದಲ್ಲಿ ಹಳೆಯ ಹಿಂದಿ ಹಾಡು ಬಂದಾಗ ತುಸು ಒಡೆದ, ಆದರೆ ತುಂಬಿದ ಹೆಣ್ಣುದನಿಯೊಂದನ್ನು ನೀವು ಕೇಳಿರಬಹುದು. ಅದು ನಮ್ಮ ಮಗ್ಗುಲ ಊರಿನವಳ ದನಿಯೆಂದು ಎಷ್ಟು ಮಂದಿಗೆ ಗೊತ್ತು?

ಅಂದು ಬೀಳಗಿ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿತ್ತು. ಧ್ವನಿಮುದ್ರಣ, ನಾಟಕ ಮಂಡಳಿ, ಚಿತ್ರಶಾಲೆ ಎಲ್ಲಕ್ಕೂ ಮುಂಬಯಿಯೇ ದಾರಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡರೂ ಅದು ತಯಾರಾದದ್ದು ಕೊಲ್ಹಾಪುರದಲ್ಲಿ. ಅಕ್ಕ ಗೋಹರಬಾಯಿ ಮುಂದೆ ಬಾಲಗಂಧರ್ವರ ರಂಗಭೂಮಿಯಲ್ಲಿ ಹೆಸರಾದರು. ತಂಗಿ ಎಳೆಯ ವಯಸ್ಸಿನಲ್ಲಿಯೇ ಮುಂಬಯಿ ಸೇರಿದಳು. ಅಲ್ಲಿ ಎಚ್.ಎಂ.ವಿ. ಕಂಪನಿಯವನೊಬ್ಬ ಆಕೆಯ ಕಂಠ ಮೆಚ್ಚಿ ಒಂದು ಕವ್ವಾಲಿಯನ್ನು ಹಾಡಿಸಿ ತಟ್ಟೆ ತೆಗೆಸಿದ. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಹಿಡಿಯುವ ಅರಗಿನ ತಟ್ಟೆ. ಕನ್ನಡದ ಹುಡುಗಿಯ ಉರ್ದು ಹಾಡಿಗೆ ಜನ ಮನಸೋತರು.

ನಿಜವಾದ ಪರೀಕ್ಷೆ 1943ರಲ್ಲಿ ಬಂತು. ಬಾಂಬೆ ಟಾಕೀಜಿನ 'ಕಿಸ್ಮತ್' ಚಿತ್ರಕ್ಕೆ ಅನಿಲ್ ಬಿಸ್ವಾಸ್ ಸಂಗೀತ ಕೊಟ್ಟರು, ಪ್ರದೀಪ್ ಹಾಡು ಬರೆದರು. 'ಚಲೇಜಾವ್' ಚಳವಳಿ ನಡೆದು ಕೆಲವೇ ತಿಂಗಳಾಗಿದ್ದವು. ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಕೂಡಿ ಹಾಡಿದ ದೇಶಗೀತೆಯಲ್ಲಿ ಬಾಯಿಮಾತಿಗೆ ಜರ್ಮನಿ, ಜಪಾನ್‌ಗಳ ಹೆಸರಿತ್ತು. ಯುದ್ಧದ ಕಾಲವಾದ್ದರಿಂದ ಸೆನ್ಸಾರಿನವರು ಅದನ್ನು ಬಿಟ್ಟುಕೊಟ್ಟರು. ಕೇಳಿದವರಿಗೆ ಮಾತ್ರ ಯಾರನ್ನು ಹೊರಡೆಂದು ಹೇಳುತ್ತಿದ್ದಾರೆಂಬುದು ಕೂಡಲೇ ತಿಳಿಯಿತು! ಚಿತ್ರಮಂದಿರಗಳಲ್ಲಿ ಮತ್ತೆ ಮತ್ತೆ ಅದೇ ಹಾಡನ್ನು ಕೇಳಿದರು. ಸರಕಾರ ಎಚ್ಚತ್ತಾಗ ಪ್ರದೀಪರು ತಲೆಮರೆಸಿಕೊಳ್ಳಬೇಕಾಯಿತು. ಕಲಕತ್ತೆಯ ರಾಕ್ಸಿಯಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮಿಗಿಲಾಗಿ ನಡೆಯಿತು. ಮರುವರ್ಷ ನೌಷಾದರ 'ರತನ್', 1946ರಲ್ಲಿ ಗುಜರಾತಿಯ 'ರಾಣಕದೇವಿ'. ಭಾಷೆ ಯಾವುದಾದರೇನು, ಕಂಠ ಅದೇ.

ಇಲ್ಲೊಂದು ಮಾತು ಹೇಳಬೇಕು. ಆ ಕಾಲದ ಚಿತ್ರಗೀತೆಗಳ ಎಷ್ಟೋ ತಟ್ಟೆಗಳ ಮೇಲೆ ಹಾಡಿದವರ ಹೆಸರೇ ಇರುತ್ತಿರಲಿಲ್ಲ. ಈಕೆಯ ಹೆಸರು ಅಚ್ಚಾದಾಗಲಾದರೋ ಜೊತೆಗೆ 'ಕರ್ನಾಟಕಿ' ಎಂದೂ ಇರುತ್ತಿತ್ತು. ಕನ್ನಡನಾಡು ಒಂದಾದದ್ದು 1956ರಲ್ಲಿ. ಅದಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ. ಅಷ್ಟರೊಳಗೆ, 1965ರಲ್ಲಿಯೇ, ಅಮೀರಬಾಯಿ ತೀರಿಹೋಗಿದ್ದರು. ರಾಜ್ಯಕ್ಕಿಲ್ಲದ ಹೆಸರು ತಟ್ಟೆಯ ಮೇಲೆ ಸುತ್ತುತ್ತಿತ್ತು.

ಲತಾ ಮಂಗೇಶಕರರ ತೆಳುದನಿಗೆ 1947ರ ಬಳಿಕ ಜನರ ಕಿವಿ ಒಲಿಯಿತು. ಅಮೀರಬಾಯಿ ನಟನೆಯತ್ತ ಸರಿದರು. 1952ರಿಂದ ಆಕಾಶವಾಣಿಯೂ ಚಿತ್ರಗೀತೆಗಳಿಗೆ ಮುಖ ತಿರುಗಿಸಿದ್ದರಿಂದ ಕೇಳುಗರು ಸಿಲೋನ್ ರೇಡಿಯೋ ಹಿಡಿದರು. ವಿವಿಧ ಭಾರತಿ ಹುಟ್ಟಿದ್ದು 1957ರಲ್ಲಿ. ರೇಡಿಯೋದವರ ಪತ್ರಿಕೆಯಲ್ಲಿ ಇದನ್ನು ಬರೆಯಲು ಸ್ವಲ್ಪ ಸಂಕೋಚವೇ.

ಕನ್ನಡದಲ್ಲಿ ಅವರು ಹಾಡಿದ್ದು ಹಿಂದಿಗೆ ಹೋಲಿಸಿದರೆ ಬಹಳ ಸ್ವಲ್ಪ. ಆಕೆಯ ಬಾಳನ್ನು ಕನ್ನಡದಲ್ಲಿ ಪುಸ್ತಕವಾಗಿ ಬರೆದವರು ರಹಮತ್ ತರೀಕೆರೆ. ಅಷ್ಟರ ಹೊತ್ತಿಗೆ ಅವರನ್ನು ಕೇಳಿ ಬೆಳೆದ ಪೀಳಿಗೆ ಬಹುಪಾಲು ಮರೆಯಾಗಿತ್ತು. ನಿಮ್ಮ ಅಟ್ಟದ ಮೇಲೆ ಹಿರಿಯರ ಕಾಲದ ತಟ್ಟೆಗಳ ಗಂಟೇನಾದರೂ ಉಳಿದಿದ್ದರೆ ಮೋಡಕಾ ಅಂಗಡಿಗೆ ಹಾಕುವ ಮುನ್ನ ನಡುವಣ ಚೀಟಿಯನ್ನೊಮ್ಮೆ ಓದಿರಿ.