ಜಿಬ್ಬರೆಲಿನ್ ಮತ್ತು ಗಿಡ್ಡ ತಳಿಗಳು: ಒಂದು ಚಾರಿತ್ರಿಕ ಅವಲೋಕನ

ಸಸ್ಯಹಾರ್ಮೋನುಗಳ ಸಂಶೋಧನೆಯ ಚರಿತ್ರೆಯಲ್ಲಿ 1935ನೆಯ ಇಸವಿ ಗಮನಾರ್ಹವಾದುದು. ಆ ವರ್ಷ ಜಪಾನಿನ ಯಬುಟಾ ತೇಜಿರೊ ಅವರು ಭತ್ತದ ರೋಗಕಾರಕ ಶಿಲೀಂಧ್ರದಿಂದ ದೊರೆತ ಬೆಳವಣಿಗೆಯ ಚೋದಕಕ್ಕೆ ‘ಜಿಬ್ಬರೆಲಿನ್’ ಎಂದು ಹೆಸರಿಟ್ಟರು. ಅದೇ ವರ್ಷ ಅದೇ ದೇಶದಲ್ಲಿ ಇನಾಜುಕಾ ಗೊಂಜಿರೊ ಅವರು ರೂಪಿಸಿದ ‘ನೋರಿನ್ 10’ ಎಂಬ ಗಿಡ್ಡ ಗೋಧಿ ತಳಿ ಬಿಡುಗಡೆಯಾಯಿತು. ಒಂದು ಸಸ್ಯವನ್ನು ನೀಳಗೊಳಿಸುವ ವಸ್ತು. ಇನ್ನೊಂದು ನೀಳವಾಗಿ ಬೆಳೆಯದ ಸಸ್ಯ. ಇವೆರಡರ ನಂಟಿನ ಮೂಲ ತಿಳಿಯಲು ಅರುವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು.

‘ಬಕಾನೆ’, ಎಂದರೆ ಮರುಳು ಸಸಿ, ಎಂದು ಜಪಾನಿನ ರೈತರು ಕರೆಯುತ್ತಿದ್ದ ರೋಗದಲ್ಲಿ ಭತ್ತದ ಸಸಿಗಳು ಬಿಳಿಚಿಕೊಂಡು ನೀಳವಾಗಿ ಬೆಳೆದು ಬಾಗುತ್ತಿದ್ದವು. ಶಿಲೀಂಧ್ರ ಬೆಳೆದ ದ್ರಾವಣವನ್ನು ಸೋಸಿ ಹಾಕಿದರೂ ಸಸಿಗಳು ಹಾಗೆಯೇ ನೀಳವಾಗುವುದನ್ನು 1926ರಲ್ಲಿ ತೈವಾನಿನಲ್ಲಿದ್ದ ಕುರೊಸಾವಾ ಐಚಿ ತೋರಿಸಿದರು. 1938ರಲ್ಲಿ ಯಬುಟಾ ಮತ್ತು ಸುಮಿಕಿ ಆ ವಸ್ತುವನ್ನು ಹರಳಿನ ರೂಪದಲ್ಲಿ ಪಡೆದರು. ಇದು ಶಿಲೀಂಧ್ರದ ಉತ್ಪನ್ನ ಮಾತ್ರವಲ್ಲ, ಸಸ್ಯದ ಸ್ವಂತ ಹಾರ್ಮೋನೂ ಹೌದೆಂಬುದು 1958ರಲ್ಲಿ ಬ್ರಿಟನ್ನಿನ ಮ್ಯಾಕ್‌ಮಿಲನ್ ಮತ್ತು ಸೂಟರ್ ಹುರುಳಿಕಾಯಿ ವರ್ಗದ ಬಳ್ಳಿಯೊಂದರ ಎಳೆಯ ಬೀಜಗಳಿಂದ ಅದನ್ನು ಬೇರ್ಪಡಿಸಿದಾಗ ಸ್ಥಿರಪಟ್ಟಿತು.

ಸಸ್ಯವು ಹಾರ್ಮೋನನ್ನು ತಯಾರಿಸಿ ಸುಮ್ಮನಾಗುವುದಿಲ್ಲ. ಅದನ್ನು ಕೆಡಿಸುವ ಏರ್ಪಾಡೂ ಅದರಲ್ಲಿದೆ. ಜಿಎ20-ಆಕ್ಸಿಡೇಸ್ ಮತ್ತು ಜಿಎ3-ಆಕ್ಸಿಡೇಸ್ ಎಂಬ ಕಿಣ್ವಗಳು ಕ್ರಿಯಾಶೀಲ ಜಿಬ್ಬರೆಲಿನ್ನನ್ನು ಸಿದ್ಧಪಡಿಸಿದರೆ, ಜಿಎ2-ಆಕ್ಸಿಡೇಸ್ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಹಾರ್ಮೋನು ಹೆಚ್ಚಿದಾಗ ತಯಾರಿಕೆ ತಗ್ಗಿ ವಿಘಟನೆ ಏರುತ್ತದೆ. ‘ಡೆಲ್ಲಾ’ ಎಂಬ ಪ್ರೋಟೀನುಗಳು ಬೆಳವಣಿಗೆಯನ್ನು ತಡೆದಿರುತ್ತವೆ. 2005ರಲ್ಲಿ ಜಪಾನಿನ ಸಂಶೋಧಕರು ಭತ್ತದಲ್ಲಿ ಗುರುತಿಸಿದ ಗ್ರಾಹಕಕ್ಕೆ ಜಿಬ್ಬರೆಲಿನ್ ಕೂಡಿಕೊಂಡಾಗ ಆ ಪ್ರೋಟೀನುಗಳು ನಾಶವಾಗಿ ಕಾಂಡ ನೀಳವಾಗುತ್ತದೆ.

ಈ ವ್ಯವಸ್ಥೆಯ ಅರಿವಿಲ್ಲದೆಯೇ ತಳಿತಜ್ಞರು ಅದನ್ನು ಬದಲಿಸಿದ್ದರು. ನೋರಿನ್ 10ರ ವಂಶದ ಮೆಕ್ಸಿಕೊ ಗೋಧಿಯ 18,000 ಟನ್ ಬೀಜವನ್ನು ಭಾರತ 1966ರಲ್ಲಿ ತರಿಸಿಕೊಂಡಿತು. ಅದೇ ವರ್ಷ ಫಿಲಿಪೀನ್ಸ್‌ನಲ್ಲಿ ಐಆರ್8 ಭತ್ತ ಬಿಡುಗಡೆಯಾಯಿತು. ನೋರಿನ್ 10ರ ಗಿಡ್ಡತನಕ್ಕೆ ಬದಲಾದ ಡೆಲ್ಲಾ ಪ್ರೋಟೀನು ಕಾರಣವೆಂದು 1999ರಲ್ಲಿ ತಿಳಿಯಿತು: ಹಾರ್ಮೋನಿದ್ದರೂ ಆ ತಡೆ ಸಡಿಲವಾಗದು. ಐಆರ್8ರಲ್ಲಿ ಜಿಎ20-ಆಕ್ಸಿಡೇಸ್ ದೋಷದಿಂದ ಹಾರ್ಮೋನೇ ಕಡಿಮೆಯೆಂದು 2002ರಲ್ಲಿ ಸಿದ್ಧವಾಯಿತು. 1968ರಲ್ಲಿ ಬಿಡುಗಡೆಯಾಗಿ ಕರ್ನಾಟಕದ ಗದ್ದೆಗಳಲ್ಲೂ ಹರಡಿದ ‘ಜಯಾ’ ಭತ್ತದ ಗಿಡ್ಡತನದ ಮೂಲವೂ ಇದೇ. ಒಂದರಲ್ಲಿ ಸಂದೇಶ ಕ್ಷೀಣ, ಇನ್ನೊಂದರಲ್ಲಿ ಅದಕ್ಕೆ ಓಗೊಡುವ ಶಕ್ತಿ ಕ್ಷೀಣ. ಫಲ ಮಾತ್ರ ಒಂದೇ, ತೆನೆಯ ಭಾರಕ್ಕೆ ನೆಲಕ್ಕೊರಗದ ಪೈರು.

ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಇತ್ತು. ಡೆಲ್ಲಾ ಹೆಚ್ಚಾಗಿ ಉಳಿಯುವ ಗಿಡ್ಡ ತಳಿಗಳು ನೆಲದ ಸಾರಜನಕವನ್ನು ಹೀರುವುದರಲ್ಲಿ ಹಿಂದೆ ಬೀಳುವುದನ್ನು 2018ರಲ್ಲಿ ಚೀನಾದ ಸಂಶೋಧಕರು ವಿವರಿಸಿದರು. ಇಂಥ ತಳಿಗಳು ಹೆಚ್ಚು ಗೊಬ್ಬರ ಬೇಡುವುದೇಕೆಂಬ ಪ್ರಶ್ನೆಗೆ ಒಂದು ಉತ್ತರ ಹೀಗೆ ಹಾರ್ಮೋನಿನ ನಿಯಂತ್ರಣದಲ್ಲೇ ದೊರೆಯಿತು. ಹಸಿರು ಕ್ರಾಂತಿಯ ಇಳುವರಿಯನ್ನೂ ಅದರ ಗೊಬ್ಬರದ ಹೊರೆಯನ್ನೂ ಬೇರೆಬೇರೆಯಾಗಿ ಬರೆಯುವ ಕೃಷಿ ಚರಿತ್ರೆ ಈ ಕಾರಣದಿಂದ ಅಪೂರ್ಣವೆನಿಸುತ್ತದೆ.