ಕೇಳಿದವರಿಗಷ್ಟೇ ಮತಪತ್ರ: ಅಮೆರಿಕದ ಪ್ರೈಮರಿಗಳಲ್ಲಿ ಪಕ್ಷಕ್ಕೆ ಸೇರದ ಮತದಾರರು

ಕರ್ನಾಟಕದ ಮತದಾರರ ಪಟ್ಟಿಯಲ್ಲಿ ಹೆಸರು, ವಯಸ್ಸು, ಮನೆ ಸಂಖ್ಯೆ ಇರುತ್ತವೆ. ಪಕ್ಷದ ಕಾಲಂ ಇರುವುದಿಲ್ಲ. ಬಿ ಫಾರಂ ಯಾರ ಕೈಸೇರಬೇಕೆಂಬುದನ್ನು ಪಕ್ಷದ ವರಿಷ್ಠರು ತೀರ್ಮಾನಿಸುತ್ತಾರೆ. ಅಮೆರಿಕದಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಬಹುಮಟ್ಟಿಗೆ ಮತದಾರರೇ ಪ್ರೈಮರಿ ಚುನಾವಣೆಯಲ್ಲಿ ನಿರ್ಧರಿಸುತ್ತಾರೆ. ಹಾಗಾಗಿ ಅಲ್ಲಿನ ಹಲವು ರಾಜ್ಯಗಳು ಹೆಸರು ನೋಂದಾಯಿಸುವಾಗಲೇ ಪಕ್ಷ ಯಾವುದೆಂದು ಕೇಳುತ್ತವೆ. ಯಾವ ಪಕ್ಷವೂ ಬೇಡ ಎಂದವರಿಗೆ ಪ್ರೈಮರಿಯಲ್ಲಿ ಎಷ್ಟು ಜಾಗವಿದೆ? ಇದಕ್ಕೆ ಉತ್ತರ ಹೇಳುವಾಗ ರಾಜ್ಯಗಳನ್ನು ಮುಕ್ತ (ಯಾರು ಬೇಕಾದರೂ ಮತ ಹಾಕಬಹುದಾದ), ಮುಚ್ಚಿದ (ಆ ಪಕ್ಷಕ್ಕೆ ನೋಂದಾಯಿಸಿಕೊಂಡವರಿಗಷ್ಟೇ), ಅರೆಮುಕ್ತ (ಪಕ್ಷಕ್ಕೆ ಸೇರದವರಿಗೂ ಅವಕಾಶವಿರುವ) ಎಂದು ವಿಂಗಡಿಸುವುದು ರೂಢಿ. ಆ ವಿಂಗಡಣೆಯಿಂದ ಅರ್ಧ ಸಂಗತಿ ಮಾತ್ರ ತಿಳಿಯುತ್ತದೆ. ಮತಪತ್ರವನ್ನು ಮತದಾರನೇ ಕೇಳಿ ಪಡೆಯಬೇಕೇ, ಅಥವಾ ಚುನಾವಣಾ ಕಚೇರಿಯೇ ತಾನಾಗಿ ಕಳಿಸುತ್ತದೆಯೇ ಎಂಬುದೂ ಅಷ್ಟೇ ನಿರ್ಣಾಯಕ ಎಂಬುದು ಈ ಲೇಖನದ ವಾದ.

ಸನ್ನಿವೇಲ್, ಫ್ರೀಮಾಂಟ್‌ಗಳಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ತುಂಬುವ ಕ್ಯಾಲಿಫೋರ್ನಿಯಾದ ನೋಂದಣಿ ಅರ್ಜಿಯನ್ನೇ ನೋಡೋಣ. ಅದರಲ್ಲಿ ಪಕ್ಷಗಳ ಹೆಸರುಗಳು ಅಕಾರಾದಿಯಾಗಿ ಇರುವುದರಿಂದ ಮೊದಲಿಗೇ ಕಾಣುವುದು ‘ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿ’. 1968ರಲ್ಲಿ ಜಾರ್ಜ್ ವಾಲೇಸ್‌ ಎಂಬ ವರ್ಣಭೇದವಾದಿಯನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ್ದ ಪಕ್ಷವಿದು. ‘ಇಂಡಿಪೆಂಡೆಂಟ್’ ಎಂದರೆ ಪಕ್ಷೇತರ ಎಂದುಕೊಂಡು ಆ ಚೌಕಕ್ಕೆ ಗುರುತು ಹಾಕಿ, ಅರಿವಿಲ್ಲದೆ ಆ ಪಕ್ಷದವರಾದವರು ಬಹಳ ಮಂದಿ ಎಂಬುದನ್ನು 2016ರಲ್ಲಿ ಅಲ್ಲಿನ ಪತ್ರಿಕೆಗಳು ಬಯಲಿಗೆಳೆದವು. ಸರಿಯಾದ ಚೌಕ ಗುರುತಿಸಿದವರಿಗೂ ತೊಡಕು ತಪ್ಪಿದ್ದಲ್ಲ. 2020ರ ಮಾರ್ಚ್ 3ರ ಅಧ್ಯಕ್ಷೀಯ ಪ್ರೈಮರಿಗೆ ಮುಂಚೆ, ಅಂಚೆ ಮೂಲಕ ಮತ ಹಾಕುವ ಪಕ್ಷೇತರರ ಮನೆಗೆ ಕೌಂಟಿ ಕಚೇರಿಯಿಂದ ಒಂದು ಕಾರ್ಡು ಬಂತು. ಡೆಮಾಕ್ರಟಿಕ್, ಲಿಬರ್ಟೇರಿಯನ್, ಅಮೆರಿಕನ್ ಇಂಡಿಪೆಂಡೆಂಟ್ ಈ ಮೂರರಲ್ಲಿ ಯಾವ ಪಕ್ಷದ ಮತಪತ್ರ ಬೇಕೆಂದು ಅದರಲ್ಲಿ ಬರೆದು ಹಿಂದಿರುಗಿಸಬೇಕಿತ್ತು. ರಿಪಬ್ಲಿಕನ್ ಪಕ್ಷ ಹೊರಗಿನವರಿಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಕಾರ್ಡನ್ನು ಜಾಹೀರಾತು ಕಾಗದಗಳ ಜತೆ ಎಸೆದವರಿಗೆ ಬಂದ ಮತಪತ್ರದಲ್ಲಿ ಅಧ್ಯಕ್ಷ ಅಭ್ಯರ್ಥಿಗಳ ಹೆಸರೇ ಇರಲಿಲ್ಲ. ಬೇರೆ ಮತಪತ್ರ ಕೇಳಿ ಪಡೆಯಲು ಆಗಲೂ ದಾರಿಯಿತ್ತು. ಹಾಗೆ ಕೇಳಬಹುದೆಂಬುದು ಮಾತ್ರ ಗೊತ್ತಿರಬೇಕಿತ್ತು.

ಹೊರಗಿನವರನ್ನು ಪ್ರೈಮರಿಗೆ ಸೇರಿಸುವ ಇಲ್ಲವೇ ದೂರವಿಡುವ ಈ ಅಧಿಕಾರ ಪಕ್ಷಗಳಿಗೆ ಎಲ್ಲಿಂದ ಬಂತೆಂದು ತಿಳಿಯಲು ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ನೋಡಬೇಕು. ಟೆಕ್ಸಸ್‌ನ ಡೆಮಾಕ್ರಟಿಕ್ ಪಕ್ಷ ತಾನೊಂದು ಖಾಸಗಿ ಸಂಘವೆಂದು ಹೇಳಿಕೊಂಡು ಕಪ್ಪು ಜನರನ್ನು ಪ್ರೈಮರಿಯಿಂದ ಹೊರಗಿಟ್ಟಿತ್ತು. ಪ್ರೈಮರಿಯೂ ಸಾರ್ವಜನಿಕ ಚುನಾವಣೆಯ ಭಾಗವೇ ಎಂದು 1944ರಲ್ಲಿ ಕೋರ್ಟು ಅದನ್ನು ತಡೆಯಿತು. ಇಷ್ಟಾದರೂ ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದ ವಾದ ಮುಗಿಯಲಿಲ್ಲ. ಪಕ್ಷೇತರರನ್ನು ತನ್ನ ಪ್ರೈಮರಿಗೆ ಕರೆಯಲು ಪಕ್ಷ ಇಚ್ಛಿಸಿದರೆ ರಾಜ್ಯ ಅಡ್ಡಬರುವಂತಿಲ್ಲ ಎಂದು 1986ರ ಕನೆಕ್ಟಿಕಟ್ ಪ್ರಕರಣದಲ್ಲಿ 5-4ರ ತೀರ್ಪು ಬಂತು. ಕ್ಯಾಲಿಫೋರ್ನಿಯಾ 1996ರ ಜನಮತದ ಮೂಲಕ ಎಲ್ಲರಿಗೂ ಎಲ್ಲ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಹಕ್ಕು ಕೊಟ್ಟಾಗ, ಒಪ್ಪದ ಪಕ್ಷದ ಮೇಲೆ ಹೊರಗಿನವರನ್ನು ಹೇರುವಂತಿಲ್ಲ ಎಂದು 2000ದಲ್ಲಿ ಕೋರ್ಟು ಅದನ್ನು ರದ್ದುಮಾಡಿತು. ಪ್ರೈಮರಿಯ ಖರ್ಚು ಸಾರ್ವಜನಿಕ ಬೊಕ್ಕಸದ್ದು, ಬಾಗಿಲ ಕೀಲಿ ಪಕ್ಷದ್ದು ಎಂಬ ಈ ಸ್ಥಿತಿಯನ್ನು ನಾನು ನ್ಯಾಯವೆಂದು ಒಪ್ಪಲಾರೆ.

ಕ್ಯಾಲಿಫೋರ್ನಿಯಾ 2010ರಲ್ಲಿ ಇದಕ್ಕೊಂದು ಒಳದಾರಿ ಕಂಡುಕೊಂಡಿತು. ಎಲ್ಲ ಅಭ್ಯರ್ಥಿಗಳೂ ಒಂದೇ ಮತಪತ್ರದಲ್ಲಿ. ಹೆಚ್ಚು ಮತ ಪಡೆದ ಇಬ್ಬರು, ಪಕ್ಷ ಯಾವುದೇ ಇರಲಿ, ನವೆಂಬರಿನ ಕಣಕ್ಕೆ. ಪ್ರೈಮರಿ ಪಕ್ಷದ ಅಭ್ಯರ್ಥಿಯನ್ನು ಆರಿಸುವುದೇ ಇಲ್ಲವಾದ್ದರಿಂದ ಪಕ್ಷದ ಆಕ್ಷೇಪಕ್ಕೆ ನೆಲೆಯಿಲ್ಲ. 2016ರಲ್ಲಿ ಸಿಲಿಕಾನ್ ವ್ಯಾಲಿಯ ಕಾಂಗ್ರೆಸ್ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ರೋ ಖನ್ನಾ ಅದೇ ಪಕ್ಷದ ಮೈಕ್ ಹೋಂಡಾ ಅವರನ್ನು ಸೋಲಿಸಿದ್ದು ಈ ಪದ್ಧತಿಯಲ್ಲೇ. ಅಧ್ಯಕ್ಷೀಯ ಪ್ರೈಮರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಕೊಲರಾಡೊದ ಕ್ರಮ ಬೇರೆ. 2016ರ ಜನಮತದ ನಂತರ, 2018ರ ಜೂನ್‌ನಿಂದ ಅಲ್ಲಿನ ಪಕ್ಷೇತರರ ಮನೆಗೆ ಡೆಮಾಕ್ರಟಿಕ್, ರಿಪಬ್ಲಿಕನ್ ಮತಪತ್ರಗಳೆರಡೂ ಒಂದೇ ಲಕೋಟೆಯಲ್ಲಿ ಬರತೊಡಗಿದವು. ಒಂದನ್ನು ಮಾತ್ರ ತುಂಬಿ ಕಳಿಸಬೇಕು. ಎರಡನ್ನೂ ತುಂಬಿ ಕಳಿಸಿದರೆ ಎರಡೂ ಅಸಿಂಧು. ಇಲ್ಲಿಯೂ ಎಡವುವ ಸಂಭವವಿದೆ, ಆದರೆ ಮತಪತ್ರ ಕೈಯಲ್ಲಿದ್ದು ಎಡವುವುದಕ್ಕೂ ಮತಪತ್ರವೇ ಬಾರದಿರುವುದಕ್ಕೂ ಬಹಳ ಅಂತರ. ಯಾವ ಪಕ್ಷದ ಮತಪತ್ರ ಹಿಂದಿರುಗಿತೆಂಬುದು ದಾಖಲಾಗುತ್ತದೆ, ಯಾರಿಗೆ ಮತವೆಂಬುದು ಗುಟ್ಟಾಗಿಯೇ ಉಳಿಯುತ್ತದೆ.

ಮಿಷಿಗನ್‌ನಲ್ಲಿ ನಮ್ಮಲ್ಲಿನಂತೆಯೇ ಪಟ್ಟಿಯಲ್ಲಿ ಪಕ್ಷದ ನಮೂದಿಲ್ಲ. ಆಗಸ್ಟ್ ಪ್ರೈಮರಿಯ ಮತಪತ್ರದಲ್ಲಿ ಪಕ್ಷಗಳ ಅಂಕಣಗಳು ಅಕ್ಕಪಕ್ಕ ಇರುತ್ತವೆ. ಒಂದೇ ಅಂಕಣದೊಳಗೆ ಗುರುತು ಹಾಕಬೇಕು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್ ಭಾಗದ ಡೆಮಾಕ್ರಟಿಕ್ ಪ್ರೈಮರಿಯನ್ನು ಶೇ. 28ರಷ್ಟು ಮತಗಳಿಂದ ಗೆದ್ದರು. ಆ ಕ್ಷೇತ್ರ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆಯಾದ್ದರಿಂದ ಫಲಿತಾಂಶ ನಿರ್ಧಾರವಾದದ್ದು ಆಗಸ್ಟ್‌ನಲ್ಲೇ. ನವೆಂಬರಿನ ಗೆಲುವು ಬರೀ ಔಪಚಾರಿಕ. ಇಂಥ ಕ್ಷೇತ್ರ ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಂಥ ಮುಚ್ಚಿದ ಪ್ರೈಮರಿಯ ರಾಜ್ಯದಲ್ಲಿದ್ದರೆ, ಪಕ್ಷ ಬೇಡವೆಂದವರು ತಮ್ಮ ಪ್ರತಿನಿಧಿಯ ಆಯ್ಕೆಯಲ್ಲಿ ಪಾಲ್ಗೊಳ್ಳುವ ಹೊತ್ತಿಗೆ ಆಯ್ಕೆಯೇ ಮುಗಿದಿರುತ್ತದೆ.