ಕೇರಳದ ಬೆಸ್ತರ ಚಳವಳಿಯೂ ಕಥೋಲಿಕ ಧರ್ಮಸಭೆಯೂ

ಧರ್ಮಸಂಸ್ಥೆಯೊಂದು ಲೋಕದ ಅನ್ಯಾಯವನ್ನು ಕುರಿತು ಆಡುವ ಮಾತು ಪೀಠದಿಂದ ಹೊರಟು ಜನರನ್ನು ಮುಟ್ಟುತ್ತದೆಂಬುದು ಸಾಮಾನ್ಯ ಭಾವನೆ. ೨೦೧೫ರಲ್ಲಿ ಪೋಪ್ ಫ್ರಾನ್ಸಿಸರು ‘ಲೌದಾತೊ ಸೀ’ ಎಂಬ ವಿಶ್ವಪತ್ರವನ್ನು ಹೊರಡಿಸಿ, ಪ್ರಕೃತಿಗೆ ಒದಗಿದ ಹಾನಿಯನ್ನೂ ಬಡವರ ಸಂಕಟವನ್ನೂ ಬೇರೆಬೇರೆಯಾಗಿ ಕಾಣಲಾಗದೆಂದು ಸಾರಿದರು. ಆದರೆ ಅದಕ್ಕೂ ಸುಮಾರು ನಾಲ್ಕು ದಶಕಗಳ ಮೊದಲೇ ಕೇರಳದ ಕರಾವಳಿಯಲ್ಲಿ ಈ ವಿಚಾರ ಮೂಡಿ, ಚಳವಳಿಯ ರೂಪವನ್ನು ತಾಳಿತ್ತು. ಅಲ್ಲಿ ಅದು ಪೀಠದಿಂದ ಇಳಿದು ಬಂದುದಲ್ಲ. ಬೆಸ್ತರ ದೋಣಿಗಳಿಂದ ದಡವೇರಿ ಇಗರ್ಜಿಯ ಬಾಗಿಲನ್ನು ತಟ್ಟಿದುದು.

ದಕ್ಷಿಣ ತಿರುವಾಂಕೂರಿನ ಮುಕ್ಕುವರಲ್ಲಿ ಬಹುಮಂದಿ ೧೫೪೪ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರಿಂದ ದೀಕ್ಷಾಸ್ನಾನ ಪಡೆದರು. ಅಂದಿನಿಂದ ಅಲ್ಲಿಯ ಕಥೋಲಿಕ ಬೆಸ್ತರ ಹಳ್ಳಿಗಳಿಗೆ ಇಗರ್ಜಿಯೇ ಕೇಂದ್ರ. ಊರಿನ ವ್ಯಾಜ್ಯಗಳು ತೀರುತ್ತಿದ್ದುದೂ ಅಲ್ಲಿಯೇ. ಹಿಡಿದ ಮೀನಿನಲ್ಲಿ ಒಂದು ಪಾಲು ಇಗರ್ಜಿಗೆ ಸಲ್ಲುವ ಪದ್ಧತಿಯೂ ಅನೇಕ ಊರುಗಳಲ್ಲಿದ್ದಿತು. ಕಡಲು ಬರಿದಾದರೆ ಪಾದ್ರಿಗೆ ಅದು ತಿಳಿಯದೆ ಹೋಗುವಂತಿರಲಿಲ್ಲ.

ಕಡಲು ಬರಿದಾಗಲು ಕಾರಣವಾದ ಯೋಜನೆಯಾದರೋ ಸದುದ್ದೇಶದಿಂದಲೇ ಆರಂಭವಾದುದು. ವಿಶ್ವಸಂಸ್ಥೆ, ನಾರ್ವೆ ಹಾಗೂ ಭಾರತ ಸರಕಾರಗಳ ನಡುವೆ ೧೯೫೨ರಲ್ಲಿ ಆದ ಒಪ್ಪಂದದ ಫಲವಾಗಿ, ಮರುವರ್ಷ ಕೊಲ್ಲಂ ಬಳಿಯ ನೀಂಡಕರ–ಶಕ್ತಿಕುಳಂಗರ ಪ್ರದೇಶದಲ್ಲಿ ಇಂಡೊ-ನಾರ್ವೇಜಿಯನ್ ಯೋಜನೆ ಕಾರ್ಯಾರಂಭ ಮಾಡಿತು. ಬೆಸ್ತರ ದೋಣಿಗಳನ್ನು ಉತ್ತಮಪಡಿಸುವುದು, ಆಸ್ಪತ್ರೆಯನ್ನೂ ಕುಡಿಯುವ ನೀರನ್ನೂ ಒದಗಿಸುವುದು ಅದರ ಆಶಯಗಳಾಗಿದ್ದವು. ಆದರೆ ಅಮೆರಿಕ, ಜಪಾನುಗಳಲ್ಲಿ ಸೀಗಡಿಗೆ ಬೇಡಿಕೆ ಹೆಚ್ಚಿದಂತೆ, ಕಡಲ ತಳವನ್ನು ಗೋರುವ ಟ್ರಾಲ್ ಬಲೆಯ ಯಂತ್ರದೋಣಿಗಳು ಬೆಳೆದವು. ಬಲೆಯೊಡನೆ ಮರಿಮೀನುಗಳೂ ಮೊಟ್ಟೆಗಳೂ ನಾಶವಾದವು. ಮಳೆಗಾಲ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ. ಆಗಲೂ ಈ ಗೋರುವಿಕೆ ನಿಲ್ಲಲಿಲ್ಲ. ೧೯೭೦ರ ದಶಕದಲ್ಲಿ ಕಟ್ಟುಮರದ ಬೆಸ್ತರ ಪಾಲಿಗೆ ಬರುತ್ತಿದ್ದ ಮೀನು ಕುಗ್ಗತೊಡಗಿತು. ಕಡಲಿನಲ್ಲಿಯೇ ಎರಡು ಪಕ್ಷಗಳ ನಡುವೆ ಹೊಡೆದಾಟಗಳಾದವು.

ಧರ್ಮಸಭೆ ಈ ಹೊತ್ತಿಗೆ ಬಡವರತ್ತ ಹೊಸ ದೃಷ್ಟಿಯಿಂದ ನೋಡತೊಡಗಿತ್ತು. ೧೯೬೨–೬೫ರ ಎರಡನೆಯ ವ್ಯಾಟಿಕನ್ ಮಹಾಸಭೆಯ ಪ್ರಭಾವ ಅದರ ಹಿಂದಿದ್ದಿತು. ತಿರುವನಂತಪುರದ ಬಳಿಯ ಮರಿಯನಾಡಿನಲ್ಲಿ ೧೯೬೦ರ ದಶಕದಲ್ಲಿಯೇ ಧರ್ಮಪ್ರಾಂತ್ಯದ ಆಶ್ರಯದಲ್ಲಿ ಬೆಸ್ತರ ವಸತಿಯೂ ತರುವಾಯ ಸಹಕಾರ ಸಂಘವೂ ರೂಪುಗೊಂಡಿದ್ದವು. ಆದರೆ ದಲ್ಲಾಳಿಯಿಂದ ಬಿಡುಗಡೆ ದೊರೆತರೂ ಕಡಲಿನಲ್ಲಿ ಮೀನೇ ಇಲ್ಲದಿದ್ದರೆ ಸಹಕಾರದಿಂದ ಫಲವೇನು? ಈ ಪ್ರಶ್ನೆಯೇ ಸೇವೆಯನ್ನು ಹೋರಾಟವನ್ನಾಗಿ ಮಾರ್ಪಡಿಸಿತು.

ರಿಡೆಂಪ್ಟರಿಸ್ಟ್ ಸಭೆಯ ಪಾದ್ರಿ ಥಾಮಸ್ ಕೊಚ್ಚೇರಿ (೧೯೪೦–೨೦೧೪) ಈ ಹೋರಾಟದ ಮುಂದಾಳುಗಳಲ್ಲೊಬ್ಬರು. ೧೯೭೧ರಲ್ಲಿ ದೀಕ್ಷೆ ಪಡೆದು, ಬಂಗಾಳದಲ್ಲಿ ನಿರಾಶ್ರಿತರ ಸೇವೆ ಮಾಡಿ ಬಂದ ಅವರು ತಿರುವನಂತಪುರದ ಬಳಿಯ ಬೆಸ್ತರ ನಡುವೆ ನೆಲಸಿದರು. ಮೊದಮೊದಲು ಧರ್ಮಪ್ರಾಂತ್ಯಗಳ ಆಶ್ರಯದಲ್ಲಿದ್ದ ಬೆಸ್ತರ ಸಂಘಗಳು ೧೯೮೦ರ ವೇಳೆಗೆ ಕೇರಳ ಸ್ವತಂತ್ರ ಮತ್ಸ್ಯ ತೊಳಿಲಾಳಿ ಫೆಡರೇಶನ್ನಿನ ರೂಪವನ್ನು ತಾಳಿದವು. ಅದರಲ್ಲಿ ಮತದ ಹೆಸರಿಲ್ಲದಿದ್ದುದು ಸಣ್ಣ ಸಂಗತಿಯಲ್ಲ. ಹಿಂದೂ, ಮುಸ್ಲಿಂ ಬೆಸ್ತರಿಗೂ ಕಡಲು ಒಂದೇ ಆಗಿದ್ದಿತು.

೧೯೮೧ ಹಾಗೂ ೧೯೮೪ರ ಚಳವಳಿಗಳಲ್ಲಿ ಪಾದ್ರಿಗಳೂ ಸಂನ್ಯಾಸಿನಿಯರೂ ಉಪವಾಸ ಕುಳಿತರು. ಬಿಷಪ್ಪರಿಗೆ ಇದು ಹಿತವೆನಿಸಲಿಲ್ಲ; ದೀಕ್ಷಿತರು ಬೀದಿಗಿಳಿಯುವುದನ್ನು ಅವರು ಆಕ್ಷೇಪಿಸಿದರು. ಇದಕ್ಕೆ ಇನ್ನೊಂದು ತೊಡಕೂ ಸೇರಿತ್ತು. ಶಕ್ತಿಕುಳಂಗರದ ಟ್ರಾಲ್ ದೋಣಿಗಳ ಒಡೆಯರಲ್ಲಿಯೂ ಕಥೋಲಿಕರು ಅನೇಕರಿದ್ದರು. ಒಂದೇ ಪೀಠದ ಮುಂದೆ ಮೊಣಕಾಲೂರುವವರು ಕಡಲಿನಲ್ಲಿ ಎದುರಾಳಿಗಳಾಗಿದ್ದರು. ಇಂಥಲ್ಲಿ ತಟಸ್ಥವಾಗಿರುವುದೆಂದರೆ ಬಲ್ಲಿದನ ಪಕ್ಷವನ್ನು ಹಿಡಿದಂತೆಯೇ ಎಂಬುದು ಚಳವಳಿಗಾರರ ನಿಲುವಾಗಿತ್ತು.

ಸರಕಾರ ಸಮಿತಿಯ ಮೇಲೆ ಸಮಿತಿಯನ್ನು ನೇಮಿಸಿತು. ಬಾಬು ಪಾಲ್ ಸಮಿತಿ, ಕಲಾವಾರ್ ಸಮಿತಿಗಳ ತರುವಾಯ ಬಂದ ಬಾಲಕೃಷ್ಣನ್ ನಾಯರ್ ಸಮಿತಿಯ ಸಲಹೆಯಂತೆ ೧೯೮೮ರಲ್ಲಿ ಮಳೆಗಾಲದ ಟ್ರಾಲಿಂಗಿಗೆ ಕೇರಳದಲ್ಲಿ ನಿಷೇಧ ಬಂದಿತು. ೧೯೯೦ರ ದಶಕದ ಮೊದಲ ಭಾಗದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಬೆಸ್ತರು ಅನುಭವದಿಂದ ಅರಿತಿದ್ದ ಸತ್ಯವು ಶಾಸನದಲ್ಲಿ ಸೇರಲು ಹೀಗೆ ಒಂದು ದಶಕವೇ ಹಿಡಿಯಿತು.

ಈ ಸಂಕಟ ಕೇರಳಕ್ಕೆ ಮಾತ್ರ ಸೇರಿದುದಲ್ಲ. ಗೋವೆಯಲ್ಲಿ ರಾಂಪೊಣಕಾರರು ಮಥಾನಿ ಸಲ್ಡಾನ್ಹಾರ ನೇತೃತ್ವದಲ್ಲಿ ಸಂಘಟಿತರಾಗಿದ್ದರು. ಕನ್ನಡ ಕರಾವಳಿಯಲ್ಲಿಯೂ ೧೯೭೦ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ, ಊರವರು ಒಟ್ಟುಗೂಡಿ ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ೧೯೭೮ರಲ್ಲಿ ರೂಪುಗೊಂಡ ರಾಷ್ಟ್ರೀಯ ವೇದಿಕೆ ಈ ಎಲ್ಲ ಕರಾವಳಿಗಳನ್ನೂ ಬೆಸೆಯಿತು. ೧೯೮೯ರಲ್ಲಿ ಪೂರ್ವ, ಪಶ್ಚಿಮ ಕರಾವಳಿಗಳೆರಡರಿಂದಲೂ ಹೊರಟ ಬೆಸ್ತರ ಜಾಥಾಗಳು ಮೇ ೧ರಂದು ಕನ್ಯಾಕುಮಾರಿಯಲ್ಲಿ ಕೂಡಿದವು. ನೀರನ್ನೂ ಜೀವವನ್ನೂ ಕಾಪಾಡಬೇಕೆಂಬುದು ಅವುಗಳ ಘೋಷಣೆ. ಆ ದಿನ ಅಲ್ಲಿ ಪೊಲೀಸರ ಗುಂಡೂ ಹಾರಿತು. ೧೯೯೦ರ ದಶಕದಲ್ಲಿ ವಿದೇಶೀ ಹಡಗುಗಳಿಗೆ ಆಳಗಡಲಿನ ಪರವಾನಗಿ ನೀಡುವ ನೀತಿಯನ್ನೂ ಇದೇ ವೇದಿಕೆ ಎದುರಿಸಿತು. ೧೯೯೬ರಲ್ಲಿ ಮುರಾರಿ ಸಮಿತಿ ಆ ಪರವಾನಗಿಗಳನ್ನು ರದ್ದುಗೊಳಿಸಲು ಶಿಫಾರಸು ಮಾಡಿತು. ೧೯೯೯ರ ಸೋಫಿ ಪ್ರಶಸ್ತಿ ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿಯವರೊಡನೆ ಕೊಚ್ಚೇರಿಯವರಿಗೂ ಸಂದಿತು. ಆ ಪ್ರಶಸ್ತಿ ನಾರ್ವೆ ದೇಶದ್ದು! ಯಂತ್ರದೋಣಿಯನ್ನು ಕಳುಹಿಸಿದ ನಾಡೇ ಅದರ ಪರಿಣಾಮವನ್ನು ಎದುರಿಸಿದವನನ್ನು ಮನ್ನಿಸಿದಂತಾಯಿತು.

೨೦೨೨ರ ಆಗಸ್ಟಿನಿಂದ ಡಿಸೆಂಬರಿನವರೆಗೆ ವಿಳಿಂಞಂ ಬಂದರಿನ ವಿರುದ್ಧ ನಡೆದ ಚಳವಳಿಯನ್ನು ಇದರೊಡನೆ ಹೋಲಿಸಿ ನೋಡಬಹುದು. ಕಡಲ್ಕೊರೆತದಿಂದ ಮನೆಗಳನ್ನು ಕಳೆದುಕೊಂಡ ಬೆಸ್ತರ ಪರವಾಗಿ ಈ ಬಾರಿ ತಿರುವನಂತಪುರದ ಲ್ಯಾಟಿನ್ ಮಹಾಧರ್ಮಪ್ರಾಂತ್ಯವೇ ಮುಂದೆ ನಿಂತಿತು. ಹಿಂದೆ ಬಿಷಪ್ಪರು ಆಕ್ಷೇಪಿಸಿದ ಮಾರ್ಗವೇ ಈಗ ಅಧಿಕೃತವಾಯಿತೆಂಬುದು ಮಹತ್ತ್ವದ ಬದಲಾವಣೆ. ಆದರೆ ಚಳವಳಿ ಒಂದು ಧರ್ಮಸಭೆಯದೆಂದು ಕಾಣಿಸಿಕೊಂಡುದರಿಂದ ಬಂದರಿನ ಪರವಾದ ಸ್ಥಳೀಯರು ಎದುರು ನಿಂತರು, ವಿವಾದ ಮತೀಯ ಬಣ್ಣವನ್ನು ಪಡೆಯಿತು, ಹಿಂಸೆಯೂ ನಡೆಯಿತು. ಕಾಮಗಾರಿ ನಿಲ್ಲಬೇಕೆಂಬ ಬೇಡಿಕೆ ಈಡೇರದೆಯೇ ಹೋರಾಟ ಮುಗಿಯಿತು. ೨೦೨೫ರಲ್ಲಿ ಬಂದರು ಉದ್ಘಾಟನೆಯಾಯಿತು.

ಎರಡು ಚಳವಳಿಗಳ ಕಾಲವೂ ಎದುರಾಳಿಗಳೂ ಬೇರೆ; ಫಲದ ವ್ಯತ್ಯಾಸಕ್ಕೆ ಒಂದೇ ಕಾರಣವನ್ನು ಹೇಳುವುದು ಸಾಹಸವಾದೀತು. ಆದರೂ ಒಂದು ಮಾತು ಸ್ಪಷ್ಟ. ಪೀಠದ ಬೆಂಬಲವಿಲ್ಲದಿದ್ದ ಕಾಲದಲ್ಲಿ ಪಾದ್ರಿಗಳು ತಮ್ಮ ಮತದ ಹೆಸರನ್ನು ಬದಿಗಿಟ್ಟುದರಿಂದಲೇ ಎಲ್ಲ ಬೆಸ್ತರ ವಿಶ್ವಾಸವನ್ನು ಗಳಿಸಿದರು. ಪೀಠವೇ ಮುಂದೆ ಬಂದಾಗ ಆ ವಿಶ್ವಾಸದ ವ್ಯಾಪ್ತಿ ಕಿರಿದಾಯಿತು. ಧರ್ಮವು ನೆಲಜಲಗಳ ರಕ್ಷಣೆಗೆ ಸಲ್ಲಿಸಬಲ್ಲ ಹಿರಿಯ ಸೇವೆ ತನ್ನ ಧ್ವಜವನ್ನೆತ್ತುವುದರಲ್ಲಿಲ್ಲ, ಕಡಲನ್ನು ಬಲ್ಲವನ ಮಾತಿಗೆ ಕಿವಿಗೊಟ್ಟು ಅವನ ಬೆನ್ನಿಗೆ ನಿಲ್ಲುವುದರಲ್ಲಿದೆ ಎಂಬುದನ್ನು ಕೇರಳದ ಕರಾವಳಿಯ ಇತಿಹಾಸ ತೋರಿಸಿಕೊಟ್ಟಿದೆ.